ಸ್ನಾಗ್ ಅಂದ್ರೆ ಬರೀ ಮುತ್ತಲ್ಲ

ಮ್ಯಾಂಚೆಸ್ಟರಿಗೆ ಬಂದು ಇನ್ನೂ ತಿಂಗಳಾಗಿಲ್ಲ, ಆಗಲೇ ಎಂಥಾ ಪ್ರಶ್ನೆ! ಕ್ರಿಸ್‌ಮಸ್ ಪಾರ್ಟಿಯ ಮರುದಿನ ಆಫೀಸಿನಲ್ಲಿ "ಅವನು ಅವಳನ್ನು ಸ್ನಾಗ್ ಮಾಡಿದನಂತೆ" ಅಂತ ಎಲ್ಲರೂ ಕಿಸಿಕಿಸಿ ನಗುತ್ತಿದ್ದರು, ಹಾಗಂದ್ರೆ ಏನಕ್ಕಾ ಅಂತ ಕೇಳಿದ್ದೀಯ. ಅಕ್ಕ ಅಂದಿದ್ದೀಯಲ್ಲ, ಸಂಕೋಚ ಬಿಟ್ಟು ಹೇಳುತ್ತೇನೆ.

ಮುತ್ತೇ, ಆದರೆ ಮಗುವಿಗೆ ಕೊಡುವಂಥದ್ದಲ್ಲ. ಅಪ್ಪಿಕೊಂಡು, ತುಟಿಗೆ ತುಟಿ ಸೇರಿಸಿ, ಸುಮಾರು ಹೊತ್ತು. ಸಿಕ್ಕಾಗ ಕೆನ್ನೆಗೆ ಸುಮ್ನೆ ತಾಗಿಸುತ್ತಾರಲ್ಲ, ಅದಕ್ಕೆ ಪೆಕ್ ಅನ್ನುತ್ತಾರೆ. ಹಕ್ಕಿ ಕುಕ್ಕಿದ ಹಾಗೆ, ಮುಗೀತು.

ಸ್ನಾಗ್ ತೀರಾ ಹಳೇ ಪದವಲ್ಲ. 1945ರ ಹೊತ್ತಿಗೆ ಬ್ರಿಟಿಷ್ ವಾಯುಪಡೆಯವರ ಆಡುಮಾತಾಗಿ ದಾಖಲಾಗಿದೆ. ಆಗ ಚೆಲ್ಲಾಟ, ಮುದ್ದಾಟ ಎಂಬ ಅರ್ಥವಿತ್ತು. ಮೂಲ ಯಾವುದು ಅಂದ್ರೆ ನಿಘಂಟುಗಳೇ ಕೈಚೆಲ್ಲುತ್ತವೆ. ಬೆಚ್ಚಗೆ ಒತ್ತಿಕೊಂಡಿರುವುದಕ್ಕೆ ಹೇಳುವ ಸ್ನಗ್‌ನಿಂದ ಬಂತು ಅನ್ನುವವರಿದ್ದಾರೆ. ಕೇಳೋಕೆ ಚೆನ್ನಾಗಿದೆ, ಪುರಾವೆ ಇಲ್ಲ. ಮುತ್ತಿಗೇ ಇರುವ ಇನ್ನೊಂದು ಮಾತು ಸ್ಮೂಚ್, ಅದರ ಬೇರು ಇದಕ್ಕಿಂತ ಹಳೆಯದು. ಅದರ ಹಿಂದಿನ ರೂಪ 16ನೇ ಶತಮಾನದ್ದು, ಮುತ್ತಿನ ಸದ್ದಿನಿಂದಲೇ ಹುಟ್ಟಿದ್ದು ಅನ್ನುತ್ತಾರೆ. ನಮ್ಮ ಲೊಚಲೊಚ ಇಲ್ವಾ?

ಅಮೆರಿಕದಲ್ಲಿ ಸ್ನಾಗ್ ಬಳಕೆ ಕಡಿಮೆ, ಅಲ್ಲಿ ಮೇಕ್ ಔಟ್. ನಾವು 'ಅರ್ಥವಾಗಲಿಲ್ಲ' ಅನ್ನಲು 'ಕಾಂಟ್ ಮೇಕ್ ಔಟ್' ಅಂತ ಧಾರಾಳವಾಗಿ ಬಳಸುತ್ತೇವಲ್ಲ, ಅದೇ! ಆಸ್ಟ್ರೇಲಿಯಾದಲ್ಲಿ ಪ್ಯಾಶ್, ಪ್ಯಾಶನ್ ಮೊಟಕಾಗಿದ್ದು.

ಈಗ ನಿನಗೆ ನಿಜವಾಗಿ ಬೇಕಾದ ಮಾತು. ಬೆಂಗಳೂರಿನ ಆಫೀಸಿನ ಅಭ್ಯಾಸದಲ್ಲಿ ನೀನು "ಒಂದು ಸಣ್ಣ ಸ್ನ್ಯಾಗ್ ಇದೆ", ಅಂದ್ರೆ ತೊಡಕಿದೆ, ಅನ್ನುತ್ತೀಯ, ಅಲ್ವಾ? ಆ 'ಸ್ನ್ಯಾ' ಸರಿಯಾಗಿ ಬರಲಿ. ಇವರ ಬಾಯಲ್ಲಿ ಸ್ನಾಗ್ ಹೆಚ್ಚುಕಡಿಮೆ 'ಸ್ನೊಗ್'. ಇಲ್ಲಿ ಹೊಸ ಮನೆ ಕೊಂಡರೆ ಬಾಗಿಲು ಸರಿಯಾಗಿ ಕೂರದ್ದು, ಟೈಲ್ಸ್ ಬಿರುಕು ಎಲ್ಲ ಪಟ್ಟಿ ಮಾಡಿ ಬಿಲ್ಡರ್‌ಗೆ ಕೊಡಬೇಕು. ಅದಕ್ಕೆ ಸ್ನ್ಯಾಗಿಂಗ್ ಅನ್ನುತ್ತಾರೆ. ನಮ್ಮ ಪರಿಚಯದವರೊಬ್ಬರು ಬಿಲ್ಡರ್ ಕಡೆಯ ಹುಡುಗಿಗೆ ಫೋನ್ ಮಾಡಿ, "ಶನಿವಾರ ಬರುತ್ತೀರಾ, ಇಬ್ಬರೂ ಸೇರಿ ಸ್ನೊಗಿಂಗ್ ಮುಗಿಸೋಣ" ಅಂದರು. ಅವಳು ನಕ್ಕಳು, ಪುಣ್ಯ. ಇವರಿಗೆ ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ನಾವ್ಯಾರೂ ಹೇಳಿಲ್ಲ.

ಇನ್ನೊಂದು. ಸಹೋದ್ಯೋಗಿಗಳು ಮೆಸೇಜಿನ ಕೊನೆಗೆ ಎಕ್ಸ್ ಅಕ್ಷರ ಹಾಕಿದರೆ ಗಾಬರಿಯಾಗಬೇಡ. ಅದು ಮುತ್ತಿನ ಗುರುತೇ, ಆದರೆ ಇಲ್ಲಿ ಬರೀ ಸಲಿಗೆ. ಹೆಂಗಸರು ಜಾಸ್ತಿ ಹಾಕುತ್ತಾರೆ. ನೀನು ವಾಪಸ್ ಹಾಕಲೇಬೇಕು ಅಂತಿಲ್ಲ. ಬಾಸ್‌ಗಂತೂ ಬೇಡವೇ ಬೇಡ.