ಪ್ರತಿಕ್ರಿಯೆ: ಕಾಳುಮೆಣಸಿನ ಜೀನ್ ಜಾಲ ಒಂದೇ ಮುದ್ದೆಯಾಗುವುದೇಕೆ?

ಶಿರಸಿಯ ಎರಡು ತೋಟಗಳ ಮೆಣಸಿನ ಎಲೆ (3 ಆರೋಗ್ಯದ್ದು, 3 ಸೊರಗು ರೋಗದ್ದು), ಡಬ್ಲ್ಯುಜಿಸಿಎನ್‌ಎಯಲ್ಲಿ (ಒಟ್ಟಿಗೆ ಏರಿಳಿಯುವ ಜೀನುಗಳನ್ನು ಗುಂಪು ಮಾಡಿ ಜಾಲ ಕಟ್ಟುವ ಸಾಫ್ಟ್‌ವೇರ್) ಸಾವಿರಾರು ಜೀನ್ ಒಂದೇ ಗುಂಪಿಗೆ ಬೀಳುತ್ತವೆ ಅಂದಿರಿ. ತಪ್ಪು ಸಾಫ್ಟ್‌ವೇರಿನದಲ್ಲ. ಬರೀ 6 ಮಾದರಿಯಿದ್ದರೆ ಎರಡು ಜೀನುಗಳ ಸಹಸಂಬಂಧ (ಒಟ್ಟಿಗೆ ಏರಿಳಿಯುವ ಮಟ್ಟ, ಗರಿಷ್ಠ 1) ಆಕಸ್ಮಿಕವಾಗಿಯೇ 0.9 ದಾಟೀತು, ಕನಿಷ್ಠ 15, ಸಾಧ್ಯವಾದರೆ 20 ಬೇಕು.

ಅದಕ್ಕಿಂತ ದೊಡ್ಡ ಎಡವಟ್ಟು, ಆರೋಗ್ಯದ್ದೆಲ್ಲ ಒಂದು ತೋಟ, ರೋಗದ್ದೆಲ್ಲ ಇನ್ನೊಂದು. ವ್ಯತ್ಯಾಸ ರೋಗದ್ದೋ ತೋಟದ್ದೋ ಎಂದು ಯಾವ ಬ್ಯಾಚ್ ತಿದ್ದುಪಡಿಯೂ (ಮಾದರಿ ಗುಂಪುಗಳ ನಡುವಿನ ಬೇಡದ ವ್ಯತ್ಯಾಸ ತೆಗೆಯುವ ಲೆಕ್ಕ) ಹೇಳಲಾರದು. ಮಳೆಗಾಲದಲ್ಲಿ ಎರಡೂ ತೋಟಗಳಿಂದ ಎರಡೂ ಬಗೆಯ ಎಲೆಗಳನ್ನು ಒಂದೇ ಹೊತ್ತಿಗೆ ಕೊಯ್ಯಿರಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಅಂದರೆ ದಿನಚಕ್ರದ ಜೀನುಗಳೇ ಗುಂಪು ಕಟ್ಟಿಕೊಳ್ಳುತ್ತವೆ.

ಪ್ರತಿ ಜೀನಿನ ಆರ್‌ಎನ್‌ಎ ತುಣುಕುಗಳ ಕಚ್ಚಾ ಎಣಿಕೆ ಹಾಕಬೇಡಿ. ಡಿಇಸೆಕ್2 ಎಂಬ ಸಾಫ್ಟ್‌ವೇರಿನ, ಎಣಿಕೆಗಳ ಏರುಪೇರನ್ನು ಸಮ ಮಾಡುವ ವಿಎಸ್‌ಟಿ ಸಾಕು. ಜಾಲ ‘ಸೈನ್ಡ್’ (ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಜೀನುಗಳನ್ನಷ್ಟೇ ಜೋಡಿಸುವುದು) ಇರಲಿ, ಸ್ಕೇಲ್-ಫ್ರೀ ಹೊಂದಾಣಿಕೆ (ಕೆಲವೇ ಜೀನುಗಳಿಗೆ ಬಹಳ ಕೊಂಡಿ, ಉಳಿದವಕ್ಕೆ ಕಡಿಮೆ ಎಂಬ ರೂಪಕ್ಕೆ ಜಾಲ ಹೊಂದುವ ಮಟ್ಟ) 0.8 ಮುಟ್ಟುವ ಮೊದಲ ಪವರ್ (ಸಹಸಂಬಂಧಕ್ಕೆ ಹಾಕುವ ಘಾತ) ಆರಿಸಿ. ಪವರ್ 30ಕ್ಕೂ ಮುಟ್ಟದಿದ್ದರೆ ಪಿಸಿಎ (ಮಾದರಿಗಳ ಮುಖ್ಯ ವ್ಯತ್ಯಾಸ ತೋರಿಸುವ ನಕ್ಷೆ) ತೆರೆದು ನೋಡಿ, ಅಲ್ಲಿ ತೋಟವೇ ಎದ್ದು ಕಾಣಬಹುದು. ಹಬ್ ಜೀನ್ (ಗುಂಪಿನಲ್ಲಿ ಅತಿ ಹೆಚ್ಚು ಕೊಂಡಿಯಿರುವುದು) ಸಿಕ್ಕಿದರೂ ಅದು ನಿಯಂತ್ರಕ ಎನ್ನಬೇಡಿ, ಯಾವುದು ಯಾವುದನ್ನು ನಡೆಸುತ್ತದೆ ಎಂಬ ದಿಕ್ಕು ಸಹಸಂಬಂಧಕ್ಕಿಲ್ಲ.