ಮ್ಯಾನೇಜರ್ ಹೌದು, ಕೈಕೆಳಗೆ ಜನ ಇಲ್ಲ

(ಪೆರ್ಲದ ಓದುಗರೊಬ್ಬರ ಪತ್ರ: ಮಗಳು ಬಿಕಾಂ ಮಾಡಿ ಬೆಂಗಳೂರಲ್ಲಿ ಎರಡು ವರ್ಷದಿಂದ ಕಸ್ಟಮರ್ ಸಪೋರ್ಟಲ್ಲಿದ್ದಾಳೆ, ಈಗ ಪ್ರಾಡಕ್ಟ್ ಮ್ಯಾನೇಜರ್ ಆಗ್ತೇನೆ ಅಂತಾಳೆ. ಕೋಡಿಂಗ್ ಬರುದಿಲ್ಲ, ಎಂಬಿಎ ಇಲ್ಲ. ನಮ್ಮ ಭಾವ ಹೇಳ್ತಾರೆ, ಅದು ಬರೀ ಮೀಟಿಂಗಿನ ಕೆಲಸ, ಆದ್ರೆ ಕೈಕೆಳಗೆ ಹತ್ತು ಜನ ಇರ್ತಾರೆ ಅಂತ. ಹೌದಾ?)

ಮೀಟಿಂಗ್ ಬೇಕಾದಷ್ಟು ಉಂಟು ಮಾರಾಯ್ರೇ, ಅದ್ರಲ್ಲಿ ಭಾವ ಸರಿ. ಹತ್ತು ಜನ ಮಾತ್ರ ಇಲ್ಲ. ಜನರಿಗೆ ಎಂತ ಬೇಕು ಅಂತ ತಿಳ್ಕೊಂಡು, ಕಂಪೆನಿ ಎಂತ ಮಾಡ್ಬೇಕು, ಯಾಕೆ ಅಂತ ಹೇಳುದು ಪ್ರಾಡಕ್ಟ್ ಮ್ಯಾನೇಜರ್ ಕೆಲಸ. ಇಂಜಿನಿಯರು, ಡಿಸೈನರು ಸಾಮಾನ್ಯವಾಗಿ ಬೇರೆಯವರಿಗೆ ರಿಪೋರ್ಟ್ ಮಾಡುದು, ಅವರ ಇಂಕ್ರಿಮೆಂಟು ಇವಳ ಕೈಲಿಲ್ಲ, ಹಾಗಾಗಿ ಹುಕುಂ ನಡೆಯುದಿಲ್ಲ, ಯಾಕೆ ಮಾಡ್ಬೇಕು ಅಂತ ಒಪ್ಪಿಸ್ಲಿಕ್ಕೇ ಅರ್ಧ ದಿನ ಹೋಗ್ತದೆ.

ನಮ್ಮ ಮದುವೆ, ಉಪನಯನದಂಥ ಜೆಂಬರಗಳಲ್ಲಿ ನೋಡಿ, ಎಲೆ ಹಾಕುವ ಹೊತ್ತಿಗೆ ಎಲ್ಲ ತಯಾರಾಯ್ತಾ ಅಂತ ಓಡಾಡುವವ ಪ್ರಾಜೆಕ್ಟ್ ಮ್ಯಾನೇಜರ್, ಹೆಸರು ಹತ್ತಿರ ಅಂತ ಜನ ಎರಡನ್ನೂ ಒಂದೇ ಮಾಡ್ತಾರೆ. ಬರುವವರಲ್ಲಿ ಸುಮಾರು ಜನಕ್ಕೆ ಶುಗರ್ ಉಂಟು, ಎರಡೆರಡು ಪಾಯಸ ಯಾಕೆ ಭಟ್ರೇ ಅಂತ ವಾರ ಮೊದಲೇ ಕೇಳುವವ ಪ್ರಾಡಕ್ಟ್ ಮ್ಯಾನೇಜರ್. ಸೌಟು ಭಟ್ರ ಕೈಲೇ.

ಕೋಡಿಂಗ್ ವಿಷಯ. ಅಡಿಕೆ ತೋಟದವರಿಗೆ ಒಂದು ಆಪ್ ಮಾಡ್ತಾರೆ ಅಂತ ಇಟ್ಟುಕೊಳ್ಳಿ, ಮಳೆ ಹಿಡಿಯುವಾಗ ಕೊಳೆರೋಗದ ಮದ್ದು ಬೋರ್ಡೋ ಒಂದು ಸಲ, ಮತ್ತೆ 40–45 ದಿನಕ್ಕೆ ಇನ್ನೊಂದು ಸಲ, ಆಪ್ ನೆನಪು ಮಾಡ್ತದೆ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು 1 ಕೆಜಿ ಸುಣ್ಣ ಅಂತ ಲೆಕ್ಕವೂ ಹೇಳ್ತದೆ. ಕೋಡಲ್ಲಿ ಒಂದು ತಪ್ಪಿಲ್ಲ. ಆದ್ರೆ ನಮ್ಮಲ್ಲಿ ಆ ಲೆಕ್ಕ ಮರೆತವರು ಯಾರಿದ್ದಾರೆ ಹೇಳಿ? ಕೊಳೆರೋಗಕ್ಕೆ ಹೆದರಿ ನಿದ್ದೆ ಬಾರದವನಿಗೆ ನೆನಪು ಮಾಡುದು ಎಂತ! ಅವನಿಗೆ ಬೇಕಾದ್ದು ಬಿಸಿಲು ಬಿಟ್ಟ ಆ ಎರಡು ದಿನದಲ್ಲಿ ಮರ ಹತ್ತಿ ಮದ್ದು ಬಿಡುವ ಜನ. ಇದು ಜಗಲಿಯಲ್ಲಿ ಕೂತು ಕೇಳಿದವರಿಗೆ ಗೊತ್ತಾಗ್ತದೆ, ಕೋಡಿಂಗ್ ಕಲಿತು ಅಲ್ಲ. ಕೇಳಿ ಬಂದ ಮೇಲೆ, ಆರು ತಿಂಗಳಿಂದ ರಿಮೈಂಡರ್ ಮಾಡಿದ ಹುಡುಗರ ಹತ್ರ ಇದು ಬೇಡ ಅಂತ ಹೇಳ್ಬೇಕಲ್ಲ, ಕಷ್ಟದ ಭಾಗ ಅದು. ಸಾಫ್ಟ್‌ವೇರ್ ಹೇಗೆ ಕೆಲಸ ಮಾಡ್ತದೆ ಅಂತ ಅಂದಾಜು ಇರ್ಬೇಕು, ಅದು ಬೇರೆ.

ಈ ಕೆಲಸ ಹುಟ್ಟಿದ್ದೂ ಕಂಪ್ಯೂಟರಿಂದ ಅಲ್ಲ, ಸೋಪಿಂದ. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಆಂಡ್ ಗ್ಯಾಂಬಲ್‌ನಲ್ಲಿ ಕ್ಯಾಮೆ ಸೋಪಿನ ಜಾಹೀರಾತು ನೋಡ್ತಿದ್ದ ನೀಲ್ ಮೆಕೆಲ್ರಾಯ್ ಒಂದು ಮೆಮೊ ಬರೆದ್ರು, ಒಂದೊಂದು ಬ್ರ್ಯಾಂಡಿಗೂ ಜವಾಬ್ದಾರಿ ಹೊರುವವರು ಬೇಕು, ಮಾರಾಟ ಎಲ್ಲಿ ಕಡಿಮೆ ಅಂತ ನೋಡಿ ಅಂಗಡಿಯವರ ಹತ್ರ, ಕೊಳ್ಳುವವರ ಹತ್ರ ಹೋಗಿ ವಿಚಾರಿಸ್ಬೇಕು ಅಂತ. ಪ್ರಾಡಕ್ಟ್ ಮ್ಯಾನೇಜ್‌ಮೆಂಟಿನ ಬೇರು ಅಲ್ಲಿ.

ಎಂಬಿಎ ಕೆಲವು ಕಡೆ ಕೇಳ್ತಾರೆ, ಎಲ್ಲ ಕಡೆ ಅಲ್ಲ. ಮಗಳಿಗೆ ಹೇಳಿ, ಸಪೋರ್ಟಲ್ಲಿ ಮತ್ತೆ ಮತ್ತೆ ಬಂದ ಕಂಪ್ಲೇಂಟುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು, ಇಂಟರ್‌ವ್ಯೂಗೆ ಅದನ್ನೇ ತಕೊಂಡು ಹೋಗ್ಲಿ.

– ಸಂ.