ಅಲಾಸ್ಕಾದಲ್ಲಿ ಗಾಳ ಹಾಕುವಾಗ ಕರಡಿ ಬಂದರೆ ಏನು ಮಾಡಬೇಕು?

ಪ್ರಶ್ನೆ: ಜುಲೈನಲ್ಲಿ ಮಗನ ಮನೆಗೆ ಆಂಕರೇಜ್‌ಗೆ ಹೊರಟಿದ್ದೇವೆ. ಕೀನೈ ನದಿಗೆ ಸಾಲ್ಮನ್ ಹಿಡಿಯೋಕೆ ಕರ್ಕೊಂಡು ಹೋಗ್ತೀನಿ ಅಂತಾನೆ. ಅಲ್ಲಿ ಕರಡಿ ಜಾಸ್ತಿ ಅಂತ ಕೇಳಿ ನಮ್ಮ ಮನೆಯವರು ಗಾಬರಿಯಾಗಿದ್ದಾರೆ. ಸತ್ತ ಹಾಗೆ ಮಲಗಿಬಿಟ್ಟರೆ ಕರಡಿ ಏನೂ ಮಾಡಲ್ಲ ಅಂತಾರಲ್ಲ, ನಿಜವಾ?

ಉತ್ತರ:

ಮಲಗಬೇಡಿ ಸರ್. ಮೊದಲು ಅದನ್ನು ತಲೆಯಿಂದ ತೆಗೆದುಹಾಕಿ. ಇಬ್ಬರು ಗೆಳೆಯರು, ಒಂದು ಕರಡಿ, ಆ ಕಥೆಯನ್ನು ಶಾಲೆಯಲ್ಲಿ ನಾವೆಲ್ಲ ಓದಿದವರೇ. ಮಲಗುವುದು ಸರಿಯಾಗುವ ಒಂದು ಸಂದರ್ಭ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಮೀನು ಹಿಡಿಯುವ ಜಾಗದಲ್ಲಿ ಕರಡಿ ಕಂಡ ತಕ್ಷಣ ನೆಲಕ್ಕೆ ಬಿದ್ದುಕೊಂಡರೆ ನಿಮ್ಮ ಮೀನಿಗೂ ಗಂಡಾಂತರ, ನಿಮಗೂ ಗಂಡಾಂತರ.

ನಾನು ತೀರ್ಥಹಳ್ಳಿ ಕಡೆಯವನು, ಈಗ ಇರುವುದು ಆಂಕರೇಜ್‌ನಲ್ಲಿ. ಬೇಸಿಗೆಯಲ್ಲಿ ರಜೆ ಸಿಕ್ಕಾಗೆಲ್ಲ ಕೂಪರ್ ಲ್ಯಾಂಡಿಂಗ್ ಹತ್ತಿರ, ರಷ್ಯನ್ ನದಿ ಕೀನೈಗೆ ಸೇರುವ ಜಾಗಕ್ಕೆ ಹೋಗುತ್ತೇನೆ. ಆಂಕರೇಜ್‌ನಿಂದ ಸುಮಾರು 100 ಮೈಲಿ. ನಿಮ್ಮ ಮಗನೂ ಬಹುಶಃ ಅಲ್ಲಿಗೇ ಕರೆದುಕೊಂಡು ಹೋಗುತ್ತಾನೆ. ಆಚೆ ದಡಕ್ಕೆ ದಾಟಿಸಲು ಕೇಬಲ್‌ಗೆ ಕಟ್ಟಿದ ಒಂದು ಫೆರಿ ಇದೆ. ಎಂಜಿನ್ ಇಲ್ಲ, ಹೊಳೆಯ ಸೆಳೆತದಲ್ಲೇ ದಾಟುತ್ತದೆ. ಅದಕ್ಕಾದರೂ ಒಮ್ಮೆ ಹತ್ತಿ.

ನಮ್ಮ ಮಲೆನಾಡಲ್ಲಿ ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವಲ್ಲ, ಹತ್ತುಮೀನು, ಸಾಲ್ಮನ್ ಕೂಡ ಹಾಗೇ. ಮೊಟ್ಟೆ ಇಡಲು ಸಮುದ್ರದಿಂದ ಹೊಳೆ ಹತ್ತಿ ಬರುತ್ತವೆ. ಹತ್ತುಮೀನಿಗೆ ಊರಿಗೆ ಊರೇ ರಾತ್ರಿ ಬ್ಯಾಟರಿ, ಕತ್ತಿ ಹಿಡಿದು ಗದ್ದೆಗೆ ಇಳಿಯುವ ಹಾಗೆ ಇಲ್ಲಿ ಜನ ಸೊಂಟದವರೆಗೆ ರಬ್ಬರ್ ಪ್ಯಾಂಟ್ ಏರಿಸಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಸಾಲಾಗಿ ನಿಲ್ಲುತ್ತಾರೆ. ಇಲ್ಲಿ ಅದೇ ಸಾಲಿಗೆ ಕರಡಿಯೂ ಬರುತ್ತದೆ, ಅಷ್ಟೇ ವ್ಯತ್ಯಾಸ.

ಅದು ಬರುವುದು ಯಾಕೆ ಅನ್ನುವುದು ತಲೆಯಲ್ಲಿದ್ದರೆ ಉಳಿದಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ನಮ್ಮ ದರೋಜಿಯ ಕರಡಿ ಗೆದ್ದಲು, ಇರುವೆ, ಜೇನು, ಹಣ್ಣು ತಿನ್ನುವಂಥದ್ದು. ಮೀನಿನ ಉಸಾಬರಿ ಅದಕ್ಕಿಲ್ಲ. ಪೊದೆಯಲ್ಲಿ ಇದ್ದಕ್ಕಿದ್ದಂತೆ ಎದುರಾದರೆ ಹೆದರಿ ಮೇಲೆ ಬೀಳುತ್ತದೆ. ಇಲ್ಲಿಯ ಕಂದು ಕರಡಿಯೂ ಹಾಗೆ ಹೆದರಿಯೇ ಎರಗುವುದು ಹೆಚ್ಚು. ಆದರೆ ಹೊಳೆಗೆ ಬರುವಾಗ ಅದರ ತಲೆ ತುಂಬ ಮೀನೇ. ಚಳಿಗಾಲವಿಡೀ ಗುಹೆಯಲ್ಲಿ ಮಲಗಬೇಕು, ಅಷ್ಟರೊಳಗೆ ಮೈಗೆ ಕೊಬ್ಬು ಸೇರಿಸಬೇಕು. ಅಲಾಸ್ಕಾದಲ್ಲಿ ಇಂಥ ಕಂದು ಕರಡಿ ಸುಮಾರು 30,000 ಇವೆ. ಕಪ್ಪು ಕರಡಿ ಒಂದು ಲಕ್ಷದ ಹತ್ತಿರ. ಮೀನು ತಿಂದು ಬೆಳೆದ ಕರಾವಳಿಯ ಗಂಡು ಕಂದು ಕರಡಿ 450 ಕೆ.ಜಿ. ದಾಟುವುದೂ ಉಂಟು.

ನಿಮ್ಮನ್ನು ತಿನ್ನಬೇಕು ಅಂತ ಅದಕ್ಕೆ ಆಸೆ ಇರುವುದಿಲ್ಲ ಸರ್. ಆದರೆ ನಿಮ್ಮ ಗಾಳಕ್ಕೆ ಸಿಕ್ಕಿ ಪಟಪಟ ಬಡಿದುಕೊಳ್ಳುವ ಮೀನು ಬೇಕು, ದಡದಲ್ಲಿ ಪೋಣಿಸಿಟ್ಟ ಮೀನು ಬೇಕು, ನೀವು ಕುಯ್ದು ಬಿಸಾಕಿದ ತಲೆ ಬೇಕು. ನಿಮ್ಮ ಬ್ಯಾಗಿನ ಚಪಾತಿ ಉಪ್ಪಿನಕಾಯಿ ಸಿಕ್ಕರೆ ಅದನ್ನೂ ಬಿಡಲ್ಲ. ಹಾಗಾಗಿ ಕರಡಿ ಎದುರಾದಾಗ ಏನು ಮಾಡಬೇಕು ಅನ್ನುವುದಕ್ಕಿಂತ, ನಿಮ್ಮ ಕಡೆಯಿಂದ ಅದಕ್ಕೆ ಒಂದೇ ಒಂದು ಮೀನೂ ಸಿಗದ ಹಾಗೆ ನೋಡಿಕೊಳ್ಳುವುದು ದೊಡ್ಡ ಕೆಲಸ. ಮನುಷ್ಯ ಇದ್ದಲ್ಲಿ ಸುಲಭಕ್ಕೆ ಮೀನು ಸಿಗುತ್ತದೆ ಅಂತ ಒಮ್ಮೆ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಅದನ್ನು ಗುಂಡಿಟ್ಟು ಕೊಲ್ಲಬೇಕಾಗುತ್ತದೆ. ಪ್ರವಾಸಿಗರು ಫೋಟೋ ಆಸೆಗೆ ಮೀನು ಬಿಟ್ಟುಕೊಡುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹೊಳೆಯಲ್ಲಿ ನಿಜಕ್ಕೂ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಒಂದು ಜುಲೈ ಸಂಜೆ, ಸಂಜೆ ಅಂದರೆ ಇಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಮೇಲಿನ ತಿರುವಿನಿಂದ ‘ಬೇರ್! ಬೇರ್!’ ಅಂತ ಕೂಗು ಬಂತು. ಕೂಗು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಕೆಳಗಿನವರೆಗೂ ಹೋಯಿತು. ಸಾಲಿನಲ್ಲಿದ್ದ ರಾಡ್‌ಗಳೆಲ್ಲ ಮೇಲೆದ್ದವು, ಎಲ್ಲರೂ ದಾರ ಸುತ್ತಿಕೊಂಡರು. ನನ್ನ ಗಾಳಕ್ಕೆ ಆಗಷ್ಟೇ ಒಂದು ಒಳ್ಳೆಯ ಮೀನು ಬಿದ್ದಿತ್ತು. ರಾಡ್ ಬಿಲ್ಲಿನಂತೆ ಬಗ್ಗಿತ್ತು, ಮೀನು ನೀರು ಚಿಮ್ಮಿಸುತ್ತಿತ್ತು. ಎದುರು ದಡದಲ್ಲಿ ಒಂದು ಪ್ರಾಯದ ಕಂದು ಕರಡಿ. ಕಾಲಿನ ಕೂದಲೆಲ್ಲ ಒದ್ದೆಯಾಗಿ ಅಂಟಿಕೊಂಡಿತ್ತು. ಆ ಸದ್ದಿಗೆ ಅದು ಕತ್ತು ತಿರುಗಿಸಿತು. ಪಕ್ಕದ ಅಜ್ಜ ಏನೂ ಮಾತಾಡದೆ ತನ್ನ ಚಾಕು ಚಾಚಿದರು. ತಂಗೂಸಿ ಕತ್ತರಿಸಿದೆ. ಸದ್ದು ನಿಂತಿತು. ಕರಡಿ ಸ್ವಲ್ಪ ಹೊತ್ತು ಅಲ್ಲೇ ಮೂಗೆತ್ತಿ ನಿಂತು, ಆಮೇಲೆ ತೆಳು ನೀರಿನಲ್ಲಿ ಬಿದ್ದಿದ್ದ ಯಾರದೋ ಮೀನನ್ನು ಎಳೆದುಕೊಂಡಿತು. ಮುಂಗಾಲಿನಲ್ಲಿ ಒತ್ತಿ ಹಿಡಿದು ಹೊಟ್ಟೆ ಬಗೆದು ಮೊಟ್ಟೆ ತಿಂದಿತು, ತಲೆ ಕಚ್ಚಿ ಮೆದುಳು ತಿಂದಿತು, ಉಳಿದಿದ್ದನ್ನು ಕಡಲಕ್ಕಿಗಳಿಗೆ ಬಿಟ್ಟು ಹೊರಟಿತು. ಮೀನು ಹೇರಳವಾಗಿದ್ದಾಗ ಕರಡಿ ಹೀಗೇ, ಕೊಬ್ಬಿರುವ ಭಾಗ ಮಾತ್ರ.

ಗಾಳದಲ್ಲಿ ಮೀನಿದ್ದು ಕರಡಿ ಹತ್ತಿರ ಬಂದರೆ ದಾರ ಸಡಿಲ ಬಿಡಿ, ಇಲ್ಲವೇ ಕತ್ತರಿಸಿ. ಮೀನು ಒದ್ದಾಡುವ ಸದ್ದು ನಿಲ್ಲಬೇಕು, ಅದೇ ಉದ್ದೇಶ. ಮೀನು ಹೋದರೆ ಹೋಗಲಿ, ಹಿಂದೆ ಲಕ್ಷ ಮೀನು ಬರುತ್ತಿವೆ. ಆಮೇಲೆ ಪಕ್ಕದವರ ಜೊತೆ ಗುಂಪಾಗಿ ನಿಂತುಕೊಳ್ಳಿ. ಮೀನು, ಬ್ಯಾಗ್ ಎರಡನ್ನೂ ಎತ್ತಿಕೊಳ್ಳಿ. ಓಡಬೇಡಿ. ಕರಡಿಗೆ ದಾರಿ ಬಿಟ್ಟು, ಅದರ ಕಡೆ ನೋಡುತ್ತಲೇ ನಿಧಾನವಾಗಿ ಹಿಂದೆ ಸರಿಯಿರಿ. ಮೆತ್ತಗೆ ಮಾತಾಡುತ್ತಾ ಇರಿ. ನೀವು ಮನುಷ್ಯರು ಅಂತ ಅದಕ್ಕೆ ಗೊತ್ತಾಗಬೇಕು. ಕನ್ನಡದಲ್ಲೇ ಮಾತಾಡಿ, ಪರವಾಗಿಲ್ಲ. ನಾನು ‘ಹೋಗಪ್ಪಾ, ಹೋಗು’ ಅಂತಲೇ ಅನ್ನುವುದು. ಅದು ನಿಮ್ಮ ಕಡೆಗೇ ಬರುತ್ತಿದ್ದರೆ ಮಾತ್ರ ನಿಂತಲ್ಲೇ ನಿಂತು, ಕೈ ಎತ್ತಿ, ಗಟ್ಟಿಯಾಗಿ ಗದರಿಸಿ.

ಊಟದ ಬ್ಯಾಗನ್ನು ಮರದ ಬುಡದಲ್ಲಿಟ್ಟು ನೀರಿಗಿಳಿಯುವ ಅಭ್ಯಾಸ ನಮಗಿದೆ ಅಲ್ವಾ, ಅದು ಇಲ್ಲಿ ನಡೆಯಲ್ಲ. ಆ ಜಾಗದಲ್ಲಿ ತಿಂಡಿ, ಕೂಲರ್, ಬ್ಯಾಗ್ ಎಲ್ಲ ನಿಮ್ಮಿಂದ ಮೂರು ಅಡಿಯೊಳಗೆ ಇರಬೇಕು ಅಂತ ನಿಯಮವೇ ಇದೆ. ಬೆನ್ನಿಗೆ ಹಾಕಿಕೊಂಡೇ ಗಾಳ ಹಾಕಿ. ಹಿಡಿದ ಮೀನು ಕೂಡ ಕಣ್ಣೆದುರೇ ಇರಲಿ.

ಮೀನು ಕುಯ್ಯುವುದರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಎಲ್ಲಕ್ಕಿಂತ ಒಳ್ಳೆಯದು ಇಡೀ ಮೀನನ್ನೇ ಐಸ್ ಹಾಕಿದ ಡಬ್ಬದಲ್ಲಿ ಮನೆಗೆ ಒಯ್ದು ಕುಯ್ಯುವುದು. ಬಂಗಡೆ ಭೂತಾಯಿ ಕುಯ್ದ ಕೈಗೆ ಸಾಲ್ಮನ್ ಏನೂ ಕಷ್ಟವಲ್ಲ. ನಮ್ಮವರಿಗೆ ಇನ್ನೊಂದು ಲಾಭ: ತಲೆ, ಮೂಳೆಯ ಚೌಕಟ್ಟು ಎಲ್ಲ ಸಾರಿಗೆ ಬರುತ್ತದೆ. ಇಲ್ಲಿಯವರು ಎರಡು ಪಕ್ಕದ ಮಾಂಸ ತೆಗೆದು ಉಳಿದಿದ್ದನ್ನು ಎಸೆಯುತ್ತಾರೆ, ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಹೊಳೆಯಲ್ಲೇ ಕುಯ್ಯಲೇಬೇಕು ಅಂದರೆ ಉಳಿದ ಭಾಗವನ್ನು ಹಾಗೇ ಬಿಡಬೇಡಿ. ಸಣ್ಣ ಸಣ್ಣ ತುಂಡು ಮಾಡಿ, ನಡು ಹೊಳೆಯ ಜೋರು ಸೆಳೆತಕ್ಕೆ ಎಸೆಯಿರಿ. ದಡದ ಪಕ್ಕ ನಿಂತ ನೀರಿಗೆ ಹಾಕಿದರೆ ಅದು ಅಲ್ಲೇ ತಳದಲ್ಲಿ ಕೂತು ಕರಡಿಯನ್ನು ಕರೆಯುತ್ತದೆ. ತುಂಡು ಮಾಡುವ ಮೊದಲು ಒಮ್ಮೆ ಸುತ್ತ ನೋಡಿ. ಚಾಕು ಹಿಡಿದು ಬಗ್ಗಿದವರಿಗೆ ಬೆನ್ನ ಹಿಂದೆ ಏನಿದೆ ಅಂತ ಗೊತ್ತಾಗುವುದಿಲ್ಲ, ಹೊಳೆಯ ಸದ್ದಿಗೆ ಹೆಜ್ಜೆ ಸದ್ದೂ ಕೇಳಿಸುವುದಿಲ್ಲ.

ಕತ್ತಲಾಗುವವರೆಗೆ ಅಲ್ಲಿರಬೇಡಿ. 2003ರ ಜುಲೈನಲ್ಲಿ ಇದೇ ರಷ್ಯನ್ ನದಿಯ ಹತ್ತಿರ, ಮೀನು ಹಿಡಿದು ರಾತ್ರಿ ವಾಪಸ್ ಹೊರಟಿದ್ದ ಒಬ್ಬರ ಮೇಲೆ ಕಂದು ಕರಡಿ ಎರಗಿತು. ಬದುಕಿದರು, ಆದರೆ ಎರಡೂ ಕಣ್ಣು ಹೋದವು. ಇದನ್ನು ನಿಮ್ಮ ಮನೆಯವರಿಗೆ ಹೇಳಿ ಹೆದರಿಸಬೇಡಿ. ಆದರೆ ಪೊದೆಗಳ ನಡುವಿನ ದಾರಿಯಲ್ಲಿ ನಡೆಯುವಾಗ ಜೋರಾಗಿ ಮಾತಾಡುತ್ತಾ, ಜೊತೆಯಾಗಿ ನಡೆಯಿರಿ. ತಿರುವಿನಲ್ಲಿ ಚಪ್ಪಾಳೆ ತಟ್ಟಿ. ದೂರದಿಂದ ಸದ್ದು ಕೇಳಿದರೆ ಹೆಚ್ಚಿನ ಕರಡಿಗಳು ತಾವೇ ದಾರಿ ಬಿಟ್ಟು ಹೋಗುತ್ತವೆ. ಮರಿ ಕಂಡರಂತೂ ಒಂದು ಕ್ಷಣವೂ ನಿಲ್ಲಬೇಡಿ, ಬಂದ ದಾರಿಯಲ್ಲೇ ಹಿಂದೆ ಹೋಗಿ. ತಾಯಿ ಹತ್ತಿರದಲ್ಲೇ ಇರುತ್ತದೆ.

ಬೇರ್ ಸ್ಪ್ರೇ ಬಗ್ಗೆ. ಇದು ಮೆಣಸಿನ ಖಾರದ ಸ್ಪ್ರೇ. ವಿಮಾನದಲ್ಲಿ ತರುವಂತಿಲ್ಲ, ಕೈಚೀಲದಲ್ಲೂ ಇಲ್ಲ, ಚೆಕ್‌ಇನ್ ಬ್ಯಾಗಿನಲ್ಲೂ ಇಲ್ಲ. ಇಲ್ಲಿಯೇ ಕೊಳ್ಳಿ, ಅಥವಾ ಮಗನ ಹತ್ತಿರ ಇದ್ದೇ ಇರುತ್ತದೆ. ಅದು ಬ್ಯಾಗಿನೊಳಗೆ ಇದ್ದರೆ ಇಲ್ಲದ ಹಾಗೇ. ಸೊಂಟಕ್ಕೋ ಎದೆಗೋ ಕಟ್ಟಿಕೊಂಡಿರಬೇಕು. ಕರಡಿ 25–30 ಅಡಿ ದೂರಕ್ಕೆ ಬಂದಾಗ ಅದರ ಮುಂದೆ, ಸ್ವಲ್ಪ ಕೆಳಮುಖವಾಗಿ ಹೊಡೆಯಬೇಕು, ಆ ಖಾರದ ಮೋಡದೊಳಗೆ ಅದು ನುಗ್ಗುವ ಹಾಗೆ. ಗಾಳಿ ನಿಮ್ಮ ಕಡೆಗೆ ಬೀಸುತ್ತಿದ್ದರೆ ನಿಮಗೂ ಪ್ರಸಾದ ಸಿಗುತ್ತದೆ. ಸೊಳ್ಳೆಗೆ ಹಚ್ಚುವ ಮುಲಾಮು ಅಂದುಕೊಂಡು ಮೈಗೆ, ಟೆಂಟಿಗೆ, ಬ್ಯಾಗಿಗೆ ಮೊದಲೇ ಹೊಡೆದುಕೊಳ್ಳುವವರು ಇದ್ದಾರೆ. ಹಾಗೆ ಮಾಡಲೇಬಾರದು. ಒಣಗಿ ಉಳಿದ ಆ ಖಾರದ ವಾಸನೆಗೆ ಕರಡಿ ಓಡುವುದಿಲ್ಲ, ಹುಡುಕಿಕೊಂಡು ಬರುತ್ತದೆ.

ಈಗ ಮಲಗುವ ವಿಷಯ. ಕಂದು ಕರಡಿ ಹೆದರಿ ಅಥವಾ ಮರಿಗಾಗಿ ಮೈಮೇಲೆ ಬಿದ್ದೇಬಿಟ್ಟಿತು, ನಿಮ್ಮನ್ನು ಮುಟ್ಟಿತು, ಆಗ ಮಾತ್ರ. ಬೋರಲು ಮಲಗಿ, ಎರಡೂ ಕೈಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ. ಅದು ನಿಮ್ಮನ್ನು ಮಗುಚದ ಹಾಗೆ ಕಾಲು ಅಗಲಿಸಿ. ಬೆನ್ನಿನ ಬ್ಯಾಗ್ ತೆಗೆಯಬೇಡಿ, ಅದೇ ರಕ್ಷಣೆ. ಅದು ದೂರ ಹೋಗುವವರೆಗೆ ಅಲ್ಲಾಡಬೇಡಿ. ಬಿಡದೆ ಕಚ್ಚುತ್ತಲೇ ಇದ್ದರೆ ಎದ್ದು ಹೊಡೆದಾಡಿ. ಕಪ್ಪು ಕರಡಿಯಾದರೆ ಮೊದಲಿನಿಂದಲೇ ಹೊಡೆದಾಟ: ಕಲ್ಲು, ಕೋಲು, ಕೈಗೆ ಸಿಕ್ಕಿದ್ದು, ಮುಖಕ್ಕೆ. ಯಾವುದು ಯಾವ ಕರಡಿ ಅಂತ ಬಣ್ಣ ನೋಡಿ ಹೇಳಲು ಹೋಗಬೇಡಿ. ಕಪ್ಪು ಕರಡಿಯಲ್ಲೂ ಕಂದು ಬಣ್ಣದವು ಇವೆ. ಹೆಗಲ ಮೇಲೆ ಡುಬ್ಬ ಇದ್ದರೆ, ಹಣೆಯಿಂದ ಮೂಗಿನವರೆಗೆ ಮುಖ ಒಳಗೆ ಬಾಗಿದ್ದರೆ ಅದು ಕಂದು ಕರಡಿ.

ಇಷ್ಟೆಲ್ಲ ಕರಡಿ ಪುರಾಣ ಹೇಳಿದೆ. ಆದರೆ ಪಾರ್ಕಿಂಗ್ ಜಾಗದಲ್ಲೇ ನಿಮಗೆ ಎದುರಾಗುವ ಸಾಧ್ಯತೆ ಜಾಸ್ತಿ ಇರುವುದು ಮೂಸ್. ಕುದುರೆಗಿಂತ ಎತ್ತರದ, ಉದ್ದ ಮುಖದ ಜಿಂಕೆ ಜಾತಿ. ಗಂಡು 500 ಕೆ.ಜಿ. ದಾಟುತ್ತದೆ. ಪಾಪದ ಪ್ರಾಣಿ ಅನ್ನಿಸುತ್ತದೆ, ಜನ ಸೆಲ್ಫಿಗೆ ಹೋಗುತ್ತಾರೆ. ಅಲಾಸ್ಕಾದಲ್ಲಿ ಕರಡಿಗಿಂತ ಹೆಚ್ಚು ಜನರಿಗೆ ಗಾಯ ಮಾಡುವುದು ಇದೇ. ಜುಲೈನಲ್ಲಿ ತಾಯಿಯ ಜೊತೆ ಎಳೆಗರು ಇರುತ್ತದೆ. ಕಿವಿ ಹಿಂದಕ್ಕೆ ಮಡಚಿತು, ಹೆಗಲ ಕೂದಲು ನಿಮಿರಿತು ಅಂದರೆ ಒದೆಯಲು ತಯಾರಾಗಿದೆ ಅಂತಲೇ. ಕರಡಿಗೆ ಹೇಳಿದ ಉಪದೇಶ ಇಲ್ಲಿ ಉಲ್ಟಾ: ಓಡಿ! ದಪ್ಪ ಮರದ, ಕಾರಿನ ಮರೆಗೆ ಸೇರಿಕೊಳ್ಳಿ. ಅದು ಹೆಚ್ಚು ದೂರ ಅಟ್ಟಿಸಿಕೊಂಡು ಬರುವುದಿಲ್ಲ.

ಹದ್ದು, ಕಡಲಕ್ಕಿ ಮೀನು ಕದಿಯುತ್ತವೆ, ಅಷ್ಟೇ. ಸೊಳ್ಳೆಗೆ ಮಾತ್ರ ತಲೆ ಮುಚ್ಚುವ ಬಲೆ ತನ್ನಿ, ನಮ್ಮೂರಿನ ಸೊಳ್ಳೆ ಇದರ ಮುಂದೆ ಸಾಧು.

ನನಗೆ ಇವೆಲ್ಲಕ್ಕಿಂತ ಭಯ ಇರುವುದು ನೀರಿನದ್ದು. ಕೀನೈ ಹಿಮನದಿಯ ನೀರು. ಮೈ ಮರಗಟ್ಟಲು ಜಾಸ್ತಿ ಹೊತ್ತು ಬೇಡ, ಸೆಳೆತವೂ ಜೋರು. ವಯಸ್ಸಾದವರು ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ. ರಬ್ಬರ್ ಪ್ಯಾಂಟಿನ ಮೇಲೆ ಸೊಂಟಪಟ್ಟಿ ಬಿಗಿಯಾಗಿ ಕಟ್ಟಿ, ಬಿದ್ದರೆ ಒಳಗೆ ನೀರು ತುಂಬಬಾರದು. ಕನ್ನಡಕ ಹಾಕಿಕೊಳ್ಳಿ, ಪಕ್ಕದವರ ಗಾಳ ಕಣ್ಣಿಗೆ ಬರುವುದು ಇಲ್ಲಿ ಮಾಮೂಲಿ.

ಬೇರೆ ಕಡೆಯಿಂದ ಬಂದವರಿಗೆ 16 ವರ್ಷ ಆಗಿದ್ದರೆ ಲೈಸೆನ್ಸ್ ಬೇಕೇ ಬೇಕು. ಎರಡು ಹೊಳೆ ಸೇರುವ ಆ ಜಾಗದಲ್ಲಿ ಎರೆಹುಳ ನಡೆಯಲ್ಲ, ಫ್ಲೈ ಮಾತ್ರ, ಅಂದರೆ ಗಾಳಕ್ಕೆ ದಾರ, ಪುಕ್ಕ ಸುತ್ತಿ ಮಾಡಿದ ಹುಸಿ ಹುಳ. ಗಾಳ ಬಾಯಿಗೆ ಸಿಗದೆ ಬೆನ್ನಿಗೋ ಹೊಟ್ಟೆಗೋ ಸಿಕ್ಕಿದ ಮೀನನ್ನು ಬಿಟ್ಟುಬಿಡಬೇಕು.

ಮನೆಯವರಿಗೆ ಇನ್ನೂ ಧೈರ್ಯ ಬರದಿದ್ದರೆ ಕೀನೈ ಊರಿನ ಹತ್ತಿರ, ಹೊಳೆ ಸಮುದ್ರ ಸೇರುವ ಮರಳ ದಂಡೆಗೆ ಹೋಗಿ. ಜುಲೈ 10ರಿಂದ 31ರವರೆಗೆ ಅಲ್ಲಿ ಉದ್ದ ಹಿಡಿಯ ದೊಡ್ಡ ಬಲೆ ಹಿಡಿದು ನೂರಾರು ಜನ ಎದೆಮಟ್ಟದ ನೀರಿಗೆ ಇಳಿದಿರುತ್ತಾರೆ. ಬಯಲು ಜಾಗ, ಜನಜಂಗುಳಿ. ಆದರೆ ಅದು ಅಲಾಸ್ಕಾ ನಿವಾಸಿಗಳಿಗೆ ಮಾತ್ರ. ಮಗ ಇಲ್ಲಿ ನೆಲೆಸಿ ವರ್ಷ ತುಂಬಿದ್ದರೆ ಅವನು ಬಲೆ ಹಾಕಬಹುದು. ನೀವಿಬ್ಬರೂ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂರಬಹುದು, ಬಲೆ ಮುಟ್ಟುವ ಹಾಗಿಲ್ಲ. ದಪ್ಪ ಸ್ವೆಟರ್ ತನ್ನಿ, ಜುಲೈ ಅಂತ ಮೋಸ ಹೋಗಬೇಡಿ.